ಕರಗಿಹೋದ ಹಿಮದ ಎತ್ತರ ಅಳೆಯುವುದು ಹೇಗೆ?

ಪ್ರಶ್ನೆ: ಅಂಟಾರ್ಕ್ಟಿಕಾದ ಮಂಜುಗಡ್ಡೆ ಕೊರೆದು ಹಳೇ ಕಾಲದ ಹವೆ ಹೇಗಿತ್ತು ಅಂತ ಹೇಳುತ್ತಾರೆ, ಸರಿ. ಆದರೆ ಆಗ ಹಿಮ ಎಷ್ಟು ಎತ್ತರಕ್ಕಿತ್ತು ಅಂತ ಹೇಗೆ ಗೊತ್ತಾಗುತ್ತದೆ? ಕರಗಿದ್ದು ಕರಗಿಹೋಯ್ತು, ಅಲ್ವಾ?

ಉತ್ತರ: ಹೌದು, ಹೋದ ಹಿಮ ಸಿಗುವುದಿಲ್ಲ. ಆದರೆ ಉಳಿದ ಹಿಮದೊಳಗೆ ಆಗಿನ ಗಾಳಿ ಸಿಕ್ಕಿಕೊಂಡಿರುತ್ತದೆ.

ಹಿಮದ ಮೇಲೆ ಹಿಮ ಬಿದ್ದು, ಹತ್ತಾರು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದು ಒತ್ತಿಕೊಂಡು ಗಟ್ಟಿ ಗಡ್ಡೆಯಾಗುತ್ತದೆ. ಸಂದಿಯಲ್ಲಿದ್ದ ಗಾಳಿ ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಲ್ಲಿನ ಗುಳ್ಳೆಗಳಲ್ಲಿ ಗಾಳಿಯೂ ಕಡಿಮೆ. ಲ್ಯಾಬಿನಲ್ಲಿ ಒಂದು ತುಂಡನ್ನು ಗಾಳಿಯೆಲ್ಲ ತೆಗೆದ ಪಾತ್ರೆಯಲ್ಲಿಟ್ಟು ಕರಗಿಸುತ್ತಾರೆ. ಹೊರಬಂದ ಗಾಳಿ ಎಷ್ಟು ಅಂತ ಅಳೆದರೆ ಆಗಿನ ಎತ್ತರದ ಅಂದಾಜು ಸಿಗುತ್ತದೆ.

ಇನ್ನೊಂದು ಸುಳಿವು ನೀರಿನಲ್ಲೇ ಇದೆ. ಚಳಿ ಹೆಚ್ಚಿದಷ್ಟೂ ಹಿಮದಲ್ಲಿ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18, ಕಡಿಮೆಯಾಗುತ್ತದೆ. ಹಿಮದ ಮೇಲ್ಮೈ ತಗ್ಗಿದರೆ ಆ ಜಾಗ ಸ್ವಲ್ಪ ಬೆಚ್ಚಗಾಗಿ ಅದರ ಪ್ರಮಾಣ ಏರುತ್ತದೆ. ತಕರಾರು ಏನೆಂದರೆ, ಇಡೀ ಖಂಡ ಬೆಚ್ಚಗಾದರೂ ಹೀಗೇ ಆಗುತ್ತದೆ. ಅದಕ್ಕೇ ಬೇರೆ ಕಡೆ ಕೊರೆದು ತೆಗೆದ ಹಿಮದ ಕಂಬಗಳ, ಅಂದರೆ ಕೋರ್‌ಗಳ ಜೊತೆ ಹೋಲಿಸಿ ನೋಡಬೇಕು.

ಪಶ್ಚಿಮ ಅಂಟಾರ್ಕ್ಟಿಕಾದ ಸ್ಕೈಟ್ರೇನ್ ಐಸ್ ರೈಸ್ ಎಂಬ, ನೆಲದ ಮೇಲೆ ಕೂತ ಹಿಮದ ದಿಬ್ಬದಲ್ಲಿ ತೆಗೆದ 651 ಮೀಟರ್ ಕೋರ್‌ನಲ್ಲಿ ಈ ಎರಡೂ ಸುಳಿವು ಒಟ್ಟಿಗೆ ಸಿಕ್ಕವು. ಸುಮಾರು 8,000 ವರ್ಷಗಳ ಹಿಂದೆ, 200 ವರ್ಷಕ್ಕೂ ಕಡಿಮೆ ಅವಧಿಯಲ್ಲಿ, ಅಲ್ಲಿನ ಹಿಮ 450 ಮೀಟರ್ ತೆಳುವಾಗಿತ್ತು. ಹಿಮ ಅಂದರೆ ಸಾವಿರಾರು ವರ್ಷ ತಗೊಂಡು ನಿಧಾನಕ್ಕೆ ಬದಲಾಗುವಂಥದ್ದು ಅಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿಯೇ. ಬೆಚ್ಚಗಿನ ಸಮುದ್ರದ ನೀರು ಅಂಚಿನ ಅಡಿಗೆ ನುಗ್ಗಿರಬೇಕು ಅನ್ನುವುದು ವಿಜ್ಞಾನಿಗಳ ಊಹೆ.

ಆದರೆ ಒಂದು ಕೋರ್ ಒಂದು ಜಾಗದ ಕಥೆ ಮಾತ್ರ ಹೇಳುತ್ತದೆ. ಉಳಿದ ನಕ್ಷೆ ತುಂಬುವುದು ಕಂಪ್ಯೂಟರ್ ಮಾಡೆಲ್. ಹಿಮ ಹರಿಯುವ ರೀತಿ, ಸಮುದ್ರದ ಬಿಸಿ, ಬೀಳುವ ಹಿಮದ ಪ್ರಮಾಣ ಎಲ್ಲ ಕೊಟ್ಟು, ಅಂಕಿಗಳನ್ನು ಅಷ್ಟಿಷ್ಟು ಬದಲಿಸುತ್ತಾ ನೂರಾರು ಸಲ ಓಡಿಸುವುದುಂಟು. ಕೋರ್‌ಗೆ ತಾಳೆಯಾಗದ ಫಲಿತಾಂಶಗಳನ್ನು ಬದಿಗಿಡುತ್ತಾರೆ. ಹೀಗೆ ಸೋಸದ ಮಾಡೆಲ್ ಬರೀ ಚಂದದ ಚಿತ್ರ, ಅಷ್ಟೇ.

ಕೆಲವೊಮ್ಮೆ ಕೋರ್ ಮಾಡೆಲ್‌ಗೇ ಪೆಟ್ಟು ಕೊಡುತ್ತದೆ. ಸುಮಾರು 1,25,000 ವರ್ಷಗಳ ಹಿಂದೆ, ಸಮುದ್ರ ಈಗಿನದಕ್ಕಿಂತ ಹಲವು ಮೀಟರ್ ಮೇಲಿದ್ದಾಗ, ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಪೂರ್ತಿ ಕುಸಿದಿತ್ತು ಅಂತ ಕೆಲವು ಮಾಡೆಲ್‌ಗಳು ತೋರಿಸಿದ್ದವು. ಹಾಗಾಗಿದ್ದರೆ ತೆರೆದ ಸಮುದ್ರ ಸ್ಕೈಟ್ರೇನ್ ಹತ್ತಿರಕ್ಕೆ ಬಂದು, ಅಲ್ಲಿನ ಹಿಮದಲ್ಲಿ ಉಪ್ಪು ಏರಬೇಕಿತ್ತು. ಏರಿಲ್ಲ. ಅಂದರೆ ಪಕ್ಕದ ರೋನ್ ಹಿಮಚಾಚು, ಅಂದರೆ ಸಮುದ್ರದ ಮೇಲೆ ತೇಲುವ ಹಿಮದ ಹಾಸು, ಆಗಲೂ ಉಳಿದಿತ್ತು ಅಂತ 2025ರ ಅಧ್ಯಯನ ಹೇಳುತ್ತದೆ. ಹಾಗಂತ ಬೇರೆ ಕಡೆ ಹಿಮ ಕರಗಿರಲಿಲ್ಲ ಅನ್ನುವಂತಿಲ್ಲ. ಪೂರ್ತಿ ಕುಸಿತ ತೋರಿಸುವ ಮಾಡೆಲ್‌ಗಳು ಮಾತ್ರ ಈಗ ಈ ಉಪ್ಪಿಗೆ ಲೆಕ್ಕ ಕೊಡಬೇಕು.