ಎಡಬ್ಲ್ಯೂಎಸ್ ಸರ್ವಿಸ್ ಕ್ಯಾಟಲಾಗ್: ಆರ್ಡರ್ ಫಾರ್ಮ್ ತಿದ್ದುವುದು ಹೇಗೆ

ಸರ್ವಿಸ್ ಕ್ಯಾಟಲಾಗ್ (ಸಂಸ್ಥೆಯ ಬಳಕೆದಾರರು ಸಿದ್ಧ ಕ್ಲೌಡ್ ಸೌಲಭ್ಯಗಳನ್ನು ಆರ್ಡರ್ ಮಾಡಿಕೊಳ್ಳುವ ಎಡಬ್ಲ್ಯೂಎಸ್ ಸೇವೆ) ಕಲಿಯಲು ಕೂತವರು ಮೊದಲು ಹುಡುಕುವುದು ‘ಫಾರ್ಮ್ ಡಿಸೈನರ್’ ಎಲ್ಲಿದೆ ಎಂದು. ಅಂಥದ್ದೊಂದು ಇಲ್ಲ. ಬಳಕೆದಾರ ಪ್ರಾಡಕ್ಟ್ ಲಾಂಚ್ ಮಾಡುವಾಗ ಕಾಣುವ ಫಾರ್ಮ್ ಹುಟ್ಟುವುದು ಆ ಪ್ರಾಡಕ್ಟ್‌ನ ಹಿಂದಿರುವ ಕ್ಲೌಡ್‌ಫಾರ್ಮೇಶನ್ ಟೆಂಪ್ಲೇಟ್‌ನ (ಏನೇನು ಕಟ್ಟಬೇಕೆಂದು ಬರೆದಿಟ್ಟ ಫೈಲ್) ಪ್ಯಾರಾಮೀಟರ್ಸ್ ಭಾಗದಿಂದ. ಒಂದು ಪ್ಯಾರಾಮೀಟರ್ ಬರೆದರೆ ಒಂದು ಬಾಕ್ಸ್. ಹಾಗಾಗಿ ಫಾರ್ಮ್ ತಿದ್ದುವುದೆಂದರೆ ಟೆಂಪ್ಲೇಟ್ ತಿದ್ದುವುದು, ಜೊತೆಗೆ ಪೋರ್ಟ್‌ಫೋಲಿಯೊ (ಒಂದು ತಂಡಕ್ಕೆ ಕೊಡುವ ಪ್ರಾಡಕ್ಟ್‌ಗಳ ಗುಂಪು) ಮಟ್ಟದಲ್ಲಿ ಒಂದಿಷ್ಟು ನಿಯಮ ಹಾಕುವುದು.

ಉದಾಹರಣೆಗೆ ಆರ್‌ಡಿಎಸ್‌ನಲ್ಲಿ (ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆ) ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಕೊಡುವ ಪ್ರಾಡಕ್ಟ್ ತೆಗೆದುಕೊಳ್ಳೋಣ. ಅವಸರದಲ್ಲಿ ಬರೆದ ಟೆಂಪ್ಲೇಟ್ ಆದರೆ ಹತ್ತು ಹನ್ನೆರಡು ಪ್ರಶ್ನೆ ಇರುತ್ತವೆ: ಎನ್ವಿರಾನ್ಮೆಂಟ್, ಇನ್‌ಸ್ಟನ್ಸ್ ಕ್ಲಾಸ್ (ಸರ್ವರ್‌ನ ಗಾತ್ರ), ಸ್ಟೋರೇಜ್, ಡೇಟಾಬೇಸ್ ಹೆಸರು, ಪಾಸ್‌ವರ್ಡ್, ವಿಪಿಸಿ (ನಿಮ್ಮ ಖಾಸಗಿ ನೆಟ್‌ವರ್ಕ್), ಸಬ್‌ನೆಟ್ (ಅದರ ಒಂದು ಭಾಗ), ಮಲ್ಟಿ ಎಝಡ್ (ಇನ್ನೊಂದು ಅವೈಲಬಿಲಿಟಿ ಝೋನ್‌ನಲ್ಲಿ, ಅಂದರೆ ಬೇರೆ ಡೇಟಾ ಸೆಂಟರ್ ವಲಯದಲ್ಲಿ, ಪ್ರತಿ ಇಡುವುದು) ಬೇಕೇ, ಬ್ಯಾಕಪ್ ಎಷ್ಟು ದಿನ… ಇವುಗಳಲ್ಲಿ ಅರ್ಧಕ್ಕರ್ಧ ಕೇಳಲೇಬೇಕಿಲ್ಲ.

ಕೇಳದೇ ಬಿಡುವ ದಾರಿ ಕಂಡೀಶನ್ಸ್, ಅಂದರೆ ಟೆಂಪ್ಲೇಟ್‌ನಲ್ಲಿ ಬರೆಯುವ ‘ಹೀಗಿದ್ದರೆ ಹಾಗೆ’ ಎಂಬ ಷರತ್ತುಗಳು. ಎನ್ವಿರಾನ್ಮೆಂಟ್ ‘ಪ್ರಾಡ್’ (ನಿಜ ಬಳಕೆಯದು) ಆಗಿದ್ದರೆ ಮಲ್ಟಿ ಎಝಡ್ ಆನ್, ಡಿಲೀಶನ್ ಪ್ರೊಟೆಕ್ಷನ್ (ಅಳಿಸದಂತೆ ತಡೆ) ಆನ್, ಬ್ಯಾಕಪ್ 14 ದಿನ. ‘ಡೆವ್’ (ಡೆವಲಪರ್‌ಗಳ ಪ್ರಯೋಗದ್ದು) ಆಗಿದ್ದರೆ ಎರಡೂ ಆಫ್, ಬ್ಯಾಕಪ್ 1 ದಿನ ಎಂದು ಟೆಂಪ್ಲೇಟ್‌ನಲ್ಲೇ ಬರೆದುಬಿಡಿ. (ಆರ್‌ಡಿಎಸ್ ಬ್ಯಾಕಪ್ ಅವಧಿ 0ರಿಂದ 35 ದಿನದವರೆಗೆ, 0 ಎಂದರೆ ತಾನಾಗಿ ಆಗುವ ಬ್ಯಾಕಪ್ ಬಂದ್.) ಒಂದು ಬಾಕ್ಸ್‌ನಲ್ಲಿ ಏನೋ ಆರಿಸಿದರೆ ಇನ್ನೊಂದು ಬಾಕ್ಸ್ ಮಾಯವಾಗುವ ಸೌಲಭ್ಯ ಈ ಫಾರ್ಮ್‌ಗಿಲ್ಲ, ಎಲ್ಲ ಪ್ರಶ್ನೆಗಳೂ ಎಲ್ಲರಿಗೂ ಕಾಣುತ್ತವೆ. ಅದಕ್ಕೇ ಪ್ರಶ್ನೆ ಕಡಿಮೆ ಇದ್ದಷ್ಟೂ ಕ್ಷೇಮ.

ಪಾಸ್‌ವರ್ಡ್ ಬಾಕ್ಸ್ ಕೂಡ ತೆಗೆಯಬಹುದಾದದ್ದೇ. ಪ್ಯಾರಾಮೀಟರ್‌ಗೆ ನೋಎಕೋ ಎಂಬ ಗುಣ ಹಾಕಿದರೆ ಟೈಪ್ ಮಾಡಿದ್ದು ನಕ್ಷತ್ರ ಚಿಹ್ನೆಯಾಗಿ ಕಾಣುತ್ತದೆ, ನಿಜ. ಆದರೆ ಅದೇ ಮೌಲ್ಯವನ್ನು ಟೆಂಪ್ಲೇಟ್‌ನ ಔಟ್‌ಪುಟ್ಸ್ ಭಾಗದಲ್ಲೋ ಮೆಟಾಡೇಟಾ ಭಾಗದಲ್ಲೋ ಉಲ್ಲೇಖಿಸಿದರೆ ಅಲ್ಲಿ ಬಯಲಾಗಿ ಕೂರುತ್ತದೆ. ಅದರ ಬದಲು ಡಿಬಿ ಇನ್‌ಸ್ಟನ್ಸ್‌ನಲ್ಲಿ ‘ಮ್ಯಾನೇಜ್ ಮಾಸ್ಟರ್ ಯೂಸರ್ ಪಾಸ್‌ವರ್ಡ್’ ಎಂಬುದನ್ನು ಟ್ರೂ ಮಾಡಿ. ಪಾಸ್‌ವರ್ಡನ್ನು ಆರ್‌ಡಿಎಸ್ ತಾನೇ ತಯಾರಿಸಿ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ (ಗುಟ್ಟಿನ ಮೌಲ್ಯಗಳನ್ನು ಕಾಯುವ ಎಡಬ್ಲ್ಯೂಎಸ್ ಸೇವೆ) ಇಡುತ್ತದೆ.

ಇನ್ನು ಉಳಿದ ಪ್ರಶ್ನೆಗಳಿಗೆ ಬೇಲಿ ಹಾಕಬೇಕು. ಕ್ಲಾಸ್‌ಗೆ ಅಲೌಡ್ ವ್ಯಾಲ್ಯೂಸ್ ಪಟ್ಟಿ ಕೊಟ್ಟರೆ ಡ್ರಾಪ್‌ಡೌನ್ ಬರುತ್ತದೆ. ಸ್ಟೋರೇಜ್‌ಗೆ ನಂಬರ್ ಟೈಪ್, ಮಿನ್ ವ್ಯಾಲ್ಯೂ 20, ಮ್ಯಾಕ್ಸ್ ವ್ಯಾಲ್ಯೂ 200 (ಎರಡೂ ಗಿಬಿಬೈಟ್‌ನಲ್ಲಿ) ಇರಲಿ. 20 ಯಾಕೆಂದರೆ ಜಿಪಿ3 ಎಂಬ ಬಗೆಯ ಸ್ಟೋರೇಜ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ ಅದಕ್ಕಿಂತ ಕಡಿಮೆ ಸಿಗುವುದಿಲ್ಲ. 200 ನಿಮ್ಮ ಬಜೆಟ್‌ನ ಮಾತು. ಡೇಟಾಬೇಸ್ ಹೆಸರಿಗೆ ಅಲೌಡ್ ಪ್ಯಾಟರ್ನ್: ಮೊದಲಕ್ಷರ ಇಂಗ್ಲಿಷ್ ಅಕ್ಷರವೇ ಆಗಿರಬೇಕು, ಮುಂದಿನವು ಅಕ್ಷರ ಅಥವಾ ಅಂಕಿ, ಒಟ್ಟು 64 ಮೀರಬಾರದು. ಪ್ಯಾಟರ್ನ್ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಬಳಕೆದಾರ ಹೆಸರಿನ ನಡುವೆ ಒಂದು ಹೈಫನ್ ಹಾಕುತ್ತಾನೆ. ಫಾರ್ಮ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಸೆಕ್ಯುರಿಟಿ ಗ್ರೂಪ್ ಆಗುತ್ತದೆ, ಸಬ್‌ನೆಟ್ ಗ್ರೂಪ್ ಆಗುತ್ತದೆ, ಡೇಟಾಬೇಸ್‌ನ ಸರದಿ ಬಂದಾಗ ಆರ್‌ಡಿಎಸ್ ಒಲ್ಲೆ ಎನ್ನುತ್ತದೆ, ಅಷ್ಟೂ ರೋಲ್‌ಬ್ಯಾಕ್, ಅಂದರೆ ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ಬಳಕೆದಾರನಿಗೆ ಕಾಣುವುದು ‘ಎರರ್’ ಸ್ಥಿತಿಯ ಪ್ರಾಡಕ್ಟ್. ಅದನ್ನು ಟರ್ಮಿನೇಟ್ ಮಾಡಿ ಮತ್ತೆ ಮೊದಲಿಂದ ಶುರುಮಾಡಬೇಕು.

ಪ್ಯಾಟರ್ನ್ ಜೊತೆ ಕನ್‌ಸ್ಟ್ರೇಂಟ್ ಡಿಸ್ಕ್ರಿಪ್ಶನ್ ಬರೆಯುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ತಪ್ಪಾದಾಗ ಆ ರೆಜೆಕ್ಸ್ (ಪ್ಯಾಟರ್ನ್ ಬರೆದ ಸಂಕೇತಗಳ) ಸಾಲನ್ನೇ ಬಳಕೆದಾರನ ಮುಖಕ್ಕೆ ಹಿಡಿಯುತ್ತದೆ. ‘ಅಕ್ಷರದಿಂದ ಶುರುವಾಗಲಿ, ಹೈಫನ್ ಬೇಡ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಇನ್ನೊಂದು: ಡಿಫಾಲ್ಟ್ ಕೊಟ್ಟಿದ್ದರೆ ಅದೂ ನೀವೇ ಹಾಕಿದ ಬೇಲಿಯೊಳಗೆ ಇರಬೇಕು, ಇಲ್ಲವಾದರೆ ಟೆಂಪ್ಲೇಟೇ ತಿರಸ್ಕೃತ.

ಟೆಂಪ್ಲೇಟನ್ನು ಯಾಮಲ್‌ನಲ್ಲಿ (ಅದನ್ನು ಬರೆಯುವ ಒಂದು ಫಾರ್ಮ್ಯಾಟ್) ಬರೆಯುವವರು ಬೀಳುವ ಹಳ್ಳವೊಂದಿದೆ. ಅಲೌಡ್ ವ್ಯಾಲ್ಯೂಸ್‌ನಲ್ಲಿ ‘ಯೆಸ್’, ‘ನೋ’ ಎಂದು ಕೋಟ್ ಇಲ್ಲದೆ ಬರೆದರೆ ಯಾಮಲ್ ಅವನ್ನು ಬೂಲಿಯನ್ ಎಂದು ಓದಿಕೊಂಡು ‘ಟ್ರೂ’, ‘ಫಾಲ್ಸ್’ ಮಾಡುತ್ತದೆ. ಆಮೇಲೆ ಕಂಡೀಶನ್‌ನಲ್ಲಿ ‘ಯೆಸ್’ ಜೊತೆ ಹೋಲಿಸಿದರೆ ಎಂದಿಗೂ ಹೊಂದುವುದಿಲ್ಲ. ಕೋಟ್ ಹಾಕಿಬಿಡಿ. ಸೊನ್ನೆಯಿಂದ ಶುರುವಾಗುವ ಅಕೌಂಟ್ ನಂಬರ್‌ಗಳಿಗೂ ಇದೇ ಮದ್ದು.

ಫಾರ್ಮ್‌ನ ಚಹರೆಗೆ ಬರೋಣ. ಏನೂ ಹೇಳದಿದ್ದರೆ ಪ್ಯಾರಾಮೀಟರ್‌ಗಳು ಲಾಜಿಕಲ್ ಹೆಸರಿನ (ಟೆಂಪ್ಲೇಟ್‌ನೊಳಗೆ ಕೊಟ್ಟ ಹೆಸರು) ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಬರುತ್ತವೆ, ಅಂದರೆ ಬ್ಯಾಕಪ್ ಮೊದಲು, ಎನ್ವಿರಾನ್ಮೆಂಟ್ ಆಮೇಲೆ. ಮೆಟಾಡೇಟಾ ಭಾಗದಲ್ಲಿ ಕ್ಲೌಡ್‌ಫಾರ್ಮೇಶನ್ ಇಂಟರ್‌ಫೇಸ್ ಎಂಬ ಕೀ ಸೇರಿಸಿ. ಅದರಲ್ಲಿ ಪ್ಯಾರಾಮೀಟರ್ ಗ್ರೂಪ್ಸ್ ಗುಂಪನ್ನೂ ಕ್ರಮವನ್ನೂ ಹೇಳುತ್ತದೆ. ಪ್ಯಾರಾಮೀಟರ್ ಲೇಬಲ್ಸ್ ಬಾಕ್ಸ್‌ನ ಮೇಲೆ ಕಾಣುವ ಹೆಸರನ್ನು ಕೊಡುತ್ತದೆ. ಯಾವ ಗುಂಪಿಗೂ ಸೇರಿಸದೆ ಬಿಟ್ಟದ್ದು ಪ್ರತ್ಯೇಕ ಗುಂಪಾಗಿ ಉಳಿಯುತ್ತದೆ.

ಈ ಲೇಬಲ್ ವಿಷಯ ಸಣ್ಣದೆಂದು ದಾಟಿಹೋಗಬೇಡಿ. ಫಾರ್ಮ್‌ನಲ್ಲಿ ಹೆಸರು ಚೆನ್ನಾಗಿ ಕಾಣಲಿ ಎಂದು ಎರಡನೇ ಆವೃತ್ತಿಯಲ್ಲಿ ಪ್ಯಾರಾಮೀಟರ್‌ನ ಲಾಜಿಕಲ್ ಹೆಸರನ್ನೇ ಬದಲಿಸಿದಿರಿ ಎನ್ನಿ. ಕ್ಲೌಡ್‌ಫಾರ್ಮೇಶನ್ ಕಣ್ಣಿಗೆ ಅದು ಹಳೆಯದರ ಹೊಸ ಹೆಸರಲ್ಲ. ಒಂದು ಪ್ಯಾರಾಮೀಟರ್ ಹೋಯಿತು, ಬೇರೊಂದು ಬಂತು. ಹಳೆಯ ಮೌಲ್ಯ ಅದಕ್ಕೆ ದಾಟುವುದಿಲ್ಲ. ಡಿಫಾಲ್ಟ್ ಇಲ್ಲದಿದ್ದರೆ ಬಳಕೆದಾರ ಮತ್ತೆ ತುಂಬಬೇಕು, ಅದು ಬರೀ ಕಿರಿಕಿರಿ. ಡಿಫಾಲ್ಟ್ ಇದ್ದರೆ ಅಪಾಯ: ಅಪ್‌ಡೇಟ್ ಒತ್ತಿದಾಗ ಡೇಟಾಬೇಸ್ ಹೆಸರು ಸದ್ದಿಲ್ಲದೆ ಡಿಫಾಲ್ಟ್‌ಗೆ ಹೋಗುತ್ತದೆ, ಮತ್ತು ಆರ್‌ಡಿಎಸ್‌ನಲ್ಲಿ ಡಿಬಿ ನೇಮ್ ಬದಲಾದರೆ ಇನ್‌ಸ್ಟನ್ಸನ್ನೇ ಬದಲಾಯಿಸಲಾಗುತ್ತದೆ. ಹೊಸ, ಖಾಲಿ ಡೇಟಾಬೇಸ್ ಕೈಗೆ ಬರುತ್ತದೆ. ಹೆಸರು ಚಂದಗಾಣಿಸಬೇಕಿದ್ದರೆ ಲೇಬಲ್ ಬದಲಿಸಿ, ಲಾಜಿಕಲ್ ಹೆಸರಿಗೆ ಕೈಹಾಕಬೇಡಿ. ಮುನ್ನೆಚ್ಚರಿಕೆಯಾಗಿ ಅಪ್‌ಡೇಟ್ ರಿಪ್ಲೇಸ್ ಪಾಲಿಸಿಯನ್ನು ಸ್ನ್ಯಾಪ್‌ಶಾಟ್ ಎಂದು ಇಟ್ಟುಕೊಳ್ಳಿ, ಹಳೆಯ ಡೇಟಾಬೇಸ್‌ನ ಒಂದು ಪ್ರತಿಯಾದರೂ ಉಳಿಯುತ್ತದೆ.

ಒಂದು ಬಾಕ್ಸ್‌ನ ಉತ್ತರ ಇನ್ನೊಂದನ್ನು ಕಟ್ಟಿಹಾಕಬೇಕಾದಾಗ ಟೆಂಪ್ಲೇಟ್ ಕನ್‌ಸ್ಟ್ರೇಂಟ್ ಬೇಕು. ಇದು ಜೇಸನ್‌ನಲ್ಲಿ (ಯಾಮಲ್‌ನಂಥದ್ದೇ ಇನ್ನೊಂದು ಫಾರ್ಮ್ಯಾಟ್) ಬರೆಯುವ ರೂಲ್ಸ್. ರೂಲ್ ಕಂಡೀಶನ್: ಎನ್ವಿರಾನ್ಮೆಂಟ್ ‘ಡೆವ್’ ಆಗಿದ್ದರೆ. ಅಸರ್ಟ್: ಕ್ಲಾಸ್ ‘ಡಿಬಿ.ಟಿ3.ಮೈಕ್ರೋ’ ಅಥವಾ ‘ಡಿಬಿ.ಟಿ3.ಸ್ಮಾಲ್’ ಎಂಬ ಪಟ್ಟಿಯಲ್ಲಿರಬೇಕು. ಅಸರ್ಟ್ ಡಿಸ್ಕ್ರಿಪ್ಶನ್: ‘ಡೆವ್‌ಗೆ ಮೈಕ್ರೋ, ಸ್ಮಾಲ್ ಮಾತ್ರ’. ರೂಲ್ಸ್‌ನೊಳಗೆ ಪ್ಯಾರಾಮೀಟರ್‌ಗಳನ್ನಷ್ಟೇ ಉಲ್ಲೇಖಿಸಬಹುದು, ರಿಸೋರ್ಸ್‌ಗಳನ್ನಲ್ಲ. ಇದನ್ನು ಅಂಟಿಸುವುದು ಒಂದು ಪೋರ್ಟ್‌ಫೋಲಿಯೊದೊಳಗಿನ ಪ್ರಾಡಕ್ಟ್‌ಗೆ. ಹಾಗಾಗಿ ಅದೇ ಟೆಂಪ್ಲೇಟನ್ನು ಟೆಸ್ಟಿಂಗ್ ತಂಡದ ಪೋರ್ಟ್‌ಫೋಲಿಯೊದಲ್ಲಿ ಬಿಗಿಯಾಗಿ, ಡೇಟಾ ತಂಡದ್ದರಲ್ಲಿ ಸಡಿಲವಾಗಿ ಇಡಬಹುದು. ಇದಕ್ಕಾಗಿ ಟೆಂಪ್ಲೇಟಿನ ಎರಡು ಪ್ರತಿ ಮಾಡಿಕೊಂಡು ಒದ್ದಾಡುವವರು ಈ ಸೌಲಭ್ಯ ನೋಡಿಲ್ಲವಷ್ಟೇ.

ವಿಪಿಸಿ, ಸಬ್‌ನೆಟ್‌ಗಳಿಗೆ ಎಡಬ್ಲ್ಯೂಎಸ್‌ನದೇ ಪ್ಯಾರಾಮೀಟರ್ ಟೈಪ್‌ಗಳಿವೆ. ಆ ಅಕೌಂಟ್, ಆ ರೀಜನ್‌ನಲ್ಲಿ ಇರುವವು ಡ್ರಾಪ್‌ಡೌನ್‌ನಲ್ಲಿ ಬರುತ್ತವೆ. ಆದರೆ ಆರಿಸಿದ ವಿಪಿಸಿಗೆ ತಕ್ಕಂತೆ ಸಬ್‌ನೆಟ್ ಪಟ್ಟಿ ಸೋಸುವುದಿಲ್ಲ, ಎಲ್ಲ ವಿಪಿಸಿಗಳ ಸಬ್‌ನೆಟ್‌ಗಳೂ ಬೆರೆತು ಕಾಣುತ್ತವೆ. ಮೇಲಾಗಿ ಆರ್‌ಡಿಎಸ್ ಸಬ್‌ನೆಟ್ ಗ್ರೂಪ್‌ಗೆ ಕನಿಷ್ಠ ಎರಡು ಅವೈಲಬಿಲಿಟಿ ಝೋನ್ ಬೇಕು. ರೂಲ್ಸ್‌ನಿಂದ ಒಂದಷ್ಟು ಹಿಡಿಯಬಹುದು, ಆದರೂ ನೆಟ್‌ವರ್ಕ್ ಸ್ಟ್ಯಾಕ್‌ನಿಂದ (ನೆಟ್‌ವರ್ಕ್‌ನ ಟೆಂಪ್ಲೇಟ್ ಕಟ್ಟಿದ ರಿಸೋರ್ಸ್‌ಗಳ ಗುಂಪು) ಎಕ್ಸ್‌ಪೋರ್ಟ್ ಮಾಡಿದ ಮೌಲ್ಯವನ್ನು ಇಂಪೋರ್ಟ್ ಮಾಡಿಕೊಂಡು ಈ ಎರಡು ಬಾಕ್ಸ್‌ಗಳನ್ನೂ ಕಿತ್ತುಹಾಕುವುದೇ ನೇರ ದಾರಿ.

ಟ್ಯಾಗ್‌ಗೆ (ರಿಸೋರ್ಸ್‌ಗೆ ಅಂಟಿಸುವ ಕೀ, ಮೌಲ್ಯದ ಚೀಟಿ) ಪ್ಯಾರಾಮೀಟರ್ ಬೇಡ, ಟ್ಯಾಗ್ ಆಪ್ಶನ್ ಬಳಸಿ. ಒಂದು ಕೀಗೆ ಒಂದೇ ಮೌಲ್ಯವಿದ್ದರೆ ತಾನಾಗಿ ಅಂಟುತ್ತದೆ, ಹಲವಿದ್ದರೆ ಲಾಂಚ್ ವೇಳೆ ಆರಿಸಲು ಕೇಳುತ್ತದೆ.

ತಿದ್ದಿದ ಟೆಂಪ್ಲೇಟನ್ನು ಇರುವ ಆವೃತ್ತಿಯ ಮೇಲೆ ಬರೆಯಲಾಗದು. ಹೊಸ ಆವೃತ್ತಿಯಾಗಿ ಸೇರಿಸಿ, ಹಳೆಯದನ್ನು ಡೆಪ್ರಿಕೇಟೆಡ್ ಎಂದು ಗುರುತಿಸಿ. ಹೊಸ ಪ್ಯಾರಾಮೀಟರ್ ಸೇರಿಸಿದ್ದರೆ ಹಳೆಯ ಆರ್ಡರ್‌ಗಳ ಅಪ್‌ಡೇಟ್ ಮುಗ್ಗರಿಸದಿರಲು ಅದಕ್ಕೊಂದು ಡಿಫಾಲ್ಟ್ ಕೊಡಿ. ಪರೀಕ್ಷೆಯನ್ನು ಅಡ್ಮಿನ್ ಆಗಿ ಮಾಡಬೇಡಿ: ಲಾಂಚ್ ಕನ್‌ಸ್ಟ್ರೇಂಟ್ (ಬಳಕೆದಾರನ ಬದಲು ಯಾವ ರೋಲ್‌ನ ಪರ್ಮಿಶನ್‌ನಲ್ಲಿ ಕಟ್ಟಬೇಕೆಂಬ ನಿಯಮ) ಹಾಕಲು ಮರೆತಿದ್ದರೂ ಅಡ್ಮಿನ್‌ಗೆ ಎಲ್ಲ ಪರ್ಮಿಶನ್ ಇರುವುದರಿಂದ ಎಲ್ಲವೂ ಸರಿಯಾಗೇ ಓಡುತ್ತದೆ. ಬಳಕೆದಾರನ ರೋಲ್‌ನಲ್ಲಿ ಲಾಗಿನ್ ಆಗಿ, ಮೊದಲು ಬೇಕೆಂದೇ ಹೈಫನ್ ಇರುವ ಹೆಸರು, ಆಮೇಲೆ ‘ಡೆವ್’ ಜೊತೆ ದೊಡ್ಡ ಕ್ಲಾಸ್, ಕೊನೆಗೆ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಅಪ್‌ಡೇಟ್ ಕೊಟ್ಟು ನೋಡಿ. ಮುಗಿದ ಮೇಲೆ ಟರ್ಮಿನೇಟ್ ಮಾಡಿ. ಸ್ನ್ಯಾಪ್‌ಶಾಟ್ ಉಳಿದಿದ್ದರೆ ಅದನ್ನೂ ಅಳಿಸಿ, ಅದಕ್ಕೂ ಬಿಲ್ ಬರುತ್ತದೆ.