ಪದಕ ಸಿಕ್ಕಿತು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ

ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು, ಸರಿ. ಆದರೆ ಬಿಡುಗಡೆಯಾದವರ ಕೈಯಲ್ಲಿ ಏನಿತ್ತು? ಜಮೀನಿಲ್ಲ, ದುಡ್ಡಿಲ್ಲ, ಹೆಚ್ಚಿನವರಿಗೆ ಅಕ್ಷರವೂ ಬಾರದು. ಅಂಥ ಹೊತ್ತಿನಲ್ಲಿ, 1866ರಲ್ಲಿ, ಅಲ್ಲಿನ ಸಂಸತ್ತು ಕಪ್ಪು ಜನರಿಗಾಗಿ ಆರು ರೆಜಿಮೆಂಟ್ ಕಟ್ಟಲು ಒಪ್ಪಿತು. ಎರಡು ಕುದುರೆ ದಳ, ನಾಲ್ಕು ಕಾಲಾಳು ದಳ. ತಿಂಗಳಿಗೆ 13 ಡಾಲರ್, ಜೊತೆಗೆ ಊಟ, ಬಟ್ಟೆ. ಅಧಿಕಾರಿಗಳು ಮಾತ್ರ ಹೆಚ್ಚುಕಮ್ಮಿ ಎಲ್ಲರೂ ಬಿಳಿಯರೇ.

ಟೆನೆಸ್ಸಿಯಲ್ಲಿ ಗುಲಾಮರಾಗಿ ಹುಟ್ಟಿದ್ದ ಜಾರ್ಜ್ ಜೋರ್ಡನ್ ಅದೇ ವರ್ಷ ಸೇನೆ ಸೇರಿದರು. ಮೊದಲು ಕಾಲಾಳು, ಆಮೇಲೆ 9ನೇ ಕುದುರೆ ದಳ. ಓದು ಬರಹ ಕಲಿತದ್ದೂ ಅಲ್ಲೇ, ಸಾರ್ಜೆಂಟ್ ಆದದ್ದೂ ಅಲ್ಲೇ.

1880ರ ಮೇ. ನ್ಯೂ ಮೆಕ್ಸಿಕೊದಲ್ಲಿ ಜೋರ್ಡನ್ 25 ಜನರ ತುಕಡಿ ಕಟ್ಟಿಕೊಂಡು ಸರಕಿನ ಗಾಡಿಗಳ ಕಾವಲಿಗೆ ಹೊರಟಿದ್ದರು. ಹಳೇ ಟುಲರೋಸಾ ಕೋಟೆಯ ಊರಿನ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ವಿಕ್ಟೋರಿಯೊನ ಕಡೆಯವರು ಬೀಳಲಿದ್ದಾರೆ ಅಂತ ಸುದ್ದಿ ಬಂತು. ಹುಡುಗರು ಆಗಲೇ ಸುಸ್ತಾಗಿದ್ದರು. ಊಟ ಮಾಡಿ, ಕಾಲು ತೊಳೆದುಕೊಂಡು ಸ್ವಲ್ಪ ಹಗುರಾಗಿ, ರಾತ್ರಿ ಎಂಟರ ಹೊತ್ತಿಗೆ ಮತ್ತೆ ಹೊರಟರು. ಬೆಳಗ್ಗೆ ಊರು ತಲುಪಿದಾಗ ಜನ ಟವೆಲು, ಕರವಸ್ತ್ರ ಬೀಸುತ್ತಾ ಮನೆಯಿಂದ ಹೊರಬಂದರಂತೆ. ಕೋಟೆಯನ್ನು ಭದ್ರ ಮಾಡಿ, ಊರವರನ್ನೆಲ್ಲ ಒಳಗೆ ಸೇರಿಸಿದರು. ಮುತ್ತಿದವರು ನೂರಕ್ಕೂ ಜಾಸ್ತಿ ಇದ್ದರು. ಹಿಮ್ಮೆಟ್ಟಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕೋಟೆ ಎದ್ದದ್ದೇ 1872ರಲ್ಲಿ, ಇದೇ ಅಪಾಚೆಗಳನ್ನು ತಮ್ಮ ನೆಲದಿಂದ ತಂದು ಅಲ್ಲಿ ಕೂರಿಸಿದಾಗ ಅವರ ಮೇಲೆ ಕಣ್ಣಿಡಲು. ಅವರಿಗೆ ಆ ಜಾಗ ಬೇಡವಾಗಿತ್ತು, ಆಮೇಲೆ ಸರ್ಕಾರ ಇನ್ನೂ ದೂರದ ಸಾನ್ ಕಾರ್ಲೋಸ್‌ಗೆ ಓಡಿಸಿತು, ಅದಕ್ಕೇ ವಿಕ್ಟೋರಿಯೊ ಬಂದೂಕು ಹಿಡಿದದ್ದು. ನಿನ್ನೆಯ ಗುಲಾಮರನ್ನು ನೆಲ ಕಳೆದುಕೊಂಡವರ ಮೇಲೆ ಬಿಟ್ಟ ಯುದ್ಧ ಇದು. ಜೋರ್ಡನ್ ಧೈರ್ಯ ಸುಳ್ಳಲ್ಲ. ಆದರೆ ಅದನ್ನಷ್ಟೇ ಹೇಳಿ ಸುಮ್ಮನಾದರೆ ಅರ್ಧ ಕಥೆ ಆಗುತ್ತೆ, ಅಲ್ವಾ?

ಮರುವರ್ಷ ಆಗಸ್ಟ್‌ನಲ್ಲಿ ಅಪಾಚೆಗಳೊಂದಿಗೇ ಇನ್ನೊಂದು ಕಾಳಗ, ನ್ಯೂ ಮೆಕ್ಸಿಕೊದ ಕರಿಸೊ ಕಣಿವೆಯಲ್ಲಿ. ಈ ಸಲ ಇದ್ದದ್ದು 19 ಜನ. ಬಲಗಡೆಯ ಹೊಣೆ ಜೋರ್ಡನ್‌ರದ್ದು. ಮರೆಯೇ ಇಲ್ಲದ ಜಾಗದಲ್ಲಿ ಅಲುಗಾಡದೆ ನಿಂತು, ಶತ್ರು ಸುತ್ತುವರಿಯದಂತೆ ತಡೆದರು. ಎರಡೂ ಕಾಳಗ ಸೇರಿಸಿ ದೇಶದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್, ಕೊಟ್ಟದ್ದು 1890ರಲ್ಲಿ.

1897ರಲ್ಲಿ ನಿವೃತ್ತಿ. ನೆಬ್ರಾಸ್ಕಾದ ರಾಬಿನ್ಸನ್ ಕೋಟೆ ಪಕ್ಕದ ಕ್ರಾಫರ್ಡ್ ಊರಿನಲ್ಲಿ ಒಂಟಿಯಾಗಿ ನೆಲೆಸಿದರು. 1904ರಲ್ಲಿ ಕಾಯಿಲೆ ಜೋರಾದಾಗ ಕೋಟೆಯ ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಕೇಳಿದರೆ, ಜಾಗ ಇಲ್ಲ ಅಂದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಅದೇ ಕೋಟೆಯಲ್ಲಿ, ಪೂರ್ತಿ ಸೇನಾ ಗೌರವದೊಂದಿಗೆ. ಸರಿಯಾಗಿ ನೋಡಿಕೊಳ್ಳುವವರಿಲ್ಲದೆ ಸತ್ತರು ಅಂತ ಕೋಟೆಯ ಪಾದ್ರಿ ವರದಿಯಲ್ಲಿ ನೇರವಾಗಿಯೇ ಬರೆದರು.