ಹಡಗನ್ನು ಕುಗ್ಗಿಸಿದ್ದು ಜೂಮ್ ಅಲ್ಲ

ಸಿಡ್ನಿಯಲ್ಲಿರುವ ನನ್ನ ಅಕ್ಕನ ಮಗ ಎರಡು ಫೋಟೋ ಕಳಿಸಿದ್ದ. ಎರಡರಲ್ಲೂ ಇದ್ದದ್ದು ಒಂದೇ ಹಡಗು, ಕ್ವೀನ್ ಮೇರಿ 2. ಸರ್ಕ್ಯುಲರ್ ಕೀ ಧಕ್ಕೆಗೆ ಹಗ್ಗ ಬಿಗಿದು ನಿಂತಿತ್ತು. ಮೊದಲ ಫೋಟೋದಲ್ಲಿ ಊರಿಗೆಲ್ಲ ಅದೇ ದೊಡ್ಡದು. ಕಪ್ಪು ಮೈ, ಮೇಲೆ ಸಾಲು ಸಾಲು ಬಾಲ್ಕನಿ, ತುದಿಯಲ್ಲಿ ಕೆಂಪು ಚಿಮಣಿ. ಹಿಂದಿನ ಗಗನಚುಂಬಿಗಳು ಅದರ ಮುಂದೆ ಸಪ್ಪೆ. ಎರಡನೆಯದರಲ್ಲಿ ಅದೇ ಕಟ್ಟಡಗಳು ಹಡಗಿನ ಬೆನ್ನಿಗೇ ಅಂಟಿಕೊಂಡು, ಅದರ ತಲೆ ಮೇಲೆ ಎದ್ದು ನಿಂತಿವೆ.

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಯಿತು. ಒಬ್ಬರು "ಎರಡನೆಯದು ಎಡಿಟ್ ಮಾಡಿದ್ದು" ಅಂದರು. ಕ್ಯಾಮೆರಾ ಗೊತ್ತಿರುವ ಇನ್ನೊಬ್ಬರು "ಇಲ್ಲ, ಜೂಮ್ ಹಾಕಿದರೆ ಹಿಂದಿನದೆಲ್ಲ ಮುಂದೆ ಬರುತ್ತೆ" ಅಂದರು. ಮೊದಲನೆಯ ಮಾತು ತಪ್ಪು ಅಂತ ಹೇಳಲು ಕಷ್ಟವಿಲ್ಲ. ನನಗೆ ಜಾಸ್ತಿ ಕಾಡುವುದು ಎರಡನೆಯದು. ಫೋಟೋಗ್ರಫಿ ಕಲಿಸುವವರೇ ಅದನ್ನು ಹೇಳಿಕೊಡುತ್ತಾರೆ. ಲೆನ್ಸ್ ಅಂಥ ಕೆಲಸ ಮಾಡುವುದೇ ಇಲ್ಲ.

ನಂಬಿಕೆ ಬರದಿದ್ದರೆ ಈಗಲೇ ಮಹಡಿಗೆ ಹೋಗಿ. ಎದುರಿಗೆ ಒಂದು ತೆಂಗಿನಮರ, ಅದರ ಹಿಂದೆ ದೂರದಲ್ಲಿ ಒಂದು ನೀರಿನ ಟ್ಯಾಂಕ್ ಇದೆ ಅಂದುಕೊಳ್ಳಿ. ನಿಂತ ಜಾಗ ಬಿಡದೆ ಒಮ್ಮೆ ಜೂಮ್ ಇಲ್ಲದೆ, ಒಮ್ಮೆ ಪೂರ್ತಿ ಜೂಮ್ ಹಾಕಿ ತೆಗೆಯಿರಿ. ಆಮೇಲೆ ಮೊದಲ ಫೋಟೋದಿಂದ ಮರ, ಟ್ಯಾಂಕ್ ಇರುವಷ್ಟು ಭಾಗ ಕತ್ತರಿಸಿ ದೊಡ್ಡದು ಮಾಡಿ. ಸ್ವಲ್ಪ ಮಸುಕಾಗಿರುತ್ತದೆ, ಅಷ್ಟೇ. ಮರಕ್ಕೂ ಟ್ಯಾಂಕಿಗೂ ಇರುವ ಅಳತೆ ಎರಡರಲ್ಲೂ ಒಂದೇ. ಜೂಮ್ ಅಂದರೆ ಸುಮ್ನೆ ಚಿತ್ರದ ಒಂದು ತುಂಡನ್ನು ಹಿಗ್ಗಿಸುವುದು.

ಹಾಗಾದರೆ ಹಡಗು ಕುಗ್ಗಿದ್ದು ಹೇಗೆ? ಹುಡುಗ ನಡೆದ. ಮೊದಲ ಫೋಟೋವನ್ನು ಹಾರ್ಬರ್ ಸೇತುವೆಯ ಬುಡದಲ್ಲಿ, ಡಾಸ್ ಪಾಯಿಂಟ್‌ನಲ್ಲಿ ತೆಗೆದ. ಆಮೇಲೆ ಸೇತುವೆಯ ಕಾಲುದಾರಿ ಹಿಡಿದು ಆಚೆ ದಡದ ಕಿರಿಬಿಲ್ಲಿಗೆ ಹೋಗಿ ಅಲ್ಲಿಂದ ಇನ್ನೊಂದು ತೆಗೆದ.

ಅಂದಾಜು ಲೆಕ್ಕ ಹಾಕೋಣ. ನೀರಿನಿಂದ ಮೇಲೆ ಹಡಗು ಸುಮಾರು 62 ಮೀಟರ್. ನಗರದ ಒಳಗಿರುವ ಸಿಡ್ನಿ ಟವರ್ 309 ಮೀಟರ್. ನಡುವೆ ಅಡ್ಡ ಬರುವ ಕಟ್ಟಡಗಳನ್ನು ಸದ್ಯಕ್ಕೆ ಮರೆತುಬಿಡಿ. ಡಾಸ್ ಪಾಯಿಂಟ್‌ನಿಂದ ಹಡಗು ಹತ್ತಿರ ಹತ್ತಿರ 300 ಮೀಟರ್ ದೂರ, ಟವರ್ 1,700 ಮೀಟರ್. ಎತ್ತರವನ್ನು ದೂರದಿಂದ ಭಾಗಿಸಿದರೆ ಕಣ್ಣಿಗೆ ಕಾಣುವ ಗಾತ್ರ ಸಿಗುತ್ತದೆ. ಹಡಗಿಗೆ 0.21, ಟವರ್‌ಗೆ 0.18. ಹಡಗೇ ಎತ್ತರ! ಈಗ 700 ಮೀಟರ್ ಹಿಂದೆ ಸರಿಯಿರಿ. ಹಡಗು 1,000 ಮೀಟರ್, ಟವರ್ 2,400. ಗಾತ್ರ 0.06 ಮತ್ತು 0.13. ಟವರ್ ಹಡಗಿನ ಎರಡರಷ್ಟಾಯಿತು.

ಮನೆಯ ಮಕ್ಕಳ ವಯಸ್ಸಿನ ಹಾಗೆ ಇದು. ತಂಗಿಗೆ 3, ಅಣ್ಣನಿಗೆ 17. ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ಏಳು ವರ್ಷ ಕಳೆದರೆ 10 ಮತ್ತು 24, ಇಬ್ಬರೂ ಸಮಸಮ ಜಗಳಕ್ಕೆ ನಿಲ್ಲುತ್ತಾರೆ. ಅಂತರ ಅದೇ 14 ವರ್ಷ, ಆದರೆ ಅದರ ತೂಕ ಇಳಿದಿದೆ. ಸಾಲದ ಲೆಕ್ಕವೂ ಹೀಗೇ. 300 ರೂಪಾಯಿ ಸಾಲ ಇದ್ದವನ ತಲೆಗೆ 700 ಕೂಡಿದರೆ ಹೊರೆ ಮೂರು ಪಟ್ಟಿಗಿಂತ ಜಾಸ್ತಿ. 1,700 ಇದ್ದವನಿಗೆ ಅದೇ 700 ಕೂಡಿದರೆ ಒಂದೂವರೆ ಪಟ್ಟೂ ಆಗದು. ಹಿಂದೆ ಸರಿದಾಗ ಹತ್ತಿರದ್ದು ಬೇಗ ಕುಗ್ಗುತ್ತದೆ, ದೂರದ್ದು ನಿಧಾನ. ಕಿರಿಬಿಲ್ಲಿಯಿಂದ ಎಲ್ಲವೂ ಪುಟ್ಟದಾಗಿ ಕಾಣುವುದರಿಂದ ಹುಡುಗ ಜೂಮ್ ಹಾಕಿದ. ಕೆಲಸ ಕಾಲಿನದು, ಹೆಸರು ಮಾತ್ರ ಜೂಮ್‌ಗೆ.

ಕ್ಯಾಮೆರಾ ಹುಟ್ಟುವ ನಾನೂರು ವರ್ಷ ಮೊದಲೇ ಇದು ಗೊತ್ತಿತ್ತು. 15ನೇ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್‌ನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಅಲ್ಲಿನ ಬ್ಯಾಪ್ಟಿಸ್ಟ್ರಿಯ (ಕ್ರೈಸ್ತರ ದೀಕ್ಷಾಸ್ನಾನದ ಕಟ್ಟಡ) ಚಿತ್ರವನ್ನು ಒಂದು ಸಣ್ಣ ಹಲಗೆಯ ಮೇಲೆ ಬರೆದ. ಹಲಗೆಗೆ ತೂತು ಕೊರೆದ. ನೋಡುವವರು ಹಲಗೆಯ ಹಿಂಬದಿಯಿಂದ ಆ ತೂತಿಗೆ ಕಣ್ಣಿಟ್ಟು, ಮುಂದೆ ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡಬೇಕು. ಹಾಗೆ ನೋಡಿದರೆ ಚಿತ್ರ ಯಾವುದು, ಕಟ್ಟಡ ಯಾವುದು ಗೊತ್ತಾಗದಷ್ಟು ಹೊಂದಿಕೆ. ತೂತು ಯಾಕೆ ಬೇಕಿತ್ತು? ಕಣ್ಣು ಎಲ್ಲಿರಬೇಕು ಅಂತ ಕಟ್ಟಿಹಾಕಲು. ಅಲ್ಲಿ ಲೆನ್ಸೇ ಇರಲಿಲ್ಲ ಅನ್ನುವುದನ್ನು ಗಮನಿಸಿ.

ಅಂದ ಹಾಗೆ, ಆ ಹಡಗು ಅಲ್ಲೇ ನಿಂತದ್ದಕ್ಕೂ ಅಳತೆಯೇ ಕಾರಣ. 1932ರಲ್ಲಿ ತೆರೆದ ಹಾರ್ಬರ್ ಸೇತುವೆಯ ಕೆಳಗೆ ಹಡಗುಗಳಿಗೆ ಸಿಗುವ ಎತ್ತರ 49 ಮೀಟರ್. 62 ಮೀಟರಿನದು ಅಡಿಯಲ್ಲಿ ತೂರುವುದಿಲ್ಲ. ಹಾಗಾಗಿ ಸೇತುವೆಯ ಈಚೆಗೇ, ಒಪೆರಾ ಹೌಸ್‌ನ ಎದುರಿಗೇ ಹಗ್ಗ ಹಾಕುತ್ತದೆ. ಫೋಟೋ ತೆಗೆಯುವವರ ಪುಣ್ಯ.

"ಸೂಪರ್ ಮೂನ್" ದಿನ ಹರಿದಾಡುವ ಫೋಟೋಗಳ ಗುಟ್ಟೂ ಇದೇ. ಕಟ್ಟಡದಷ್ಟೇ ದೊಡ್ಡ ಚಂದ್ರನನ್ನು ನೋಡಿ, ಅವನು ನಿಜಕ್ಕೂ ಅಷ್ಟು ಹತ್ತಿರ ಬಂದ, ಇನ್ನೇನು ಭೂಕಂಪವೇ ಗತಿ ಅಂತ ಹೆದರಿಸುವವರಿದ್ದಾರೆ. ನಾವು ಭೂಮಿ ಮೇಲೆ ಎಷ್ಟು ನಡೆದರೂ ಚಂದ್ರನ ಗಾತ್ರ ಕಣ್ಣಿಗೆ ಬದಲಾಗದು, ಹೆಚ್ಚುಕಡಿಮೆ ಅರ್ಧ ಡಿಗ್ರಿ. ಹಿಂದೆ ಸರಿದಷ್ಟೂ ಕುಗ್ಗುವುದು ಮುಂದಿನ ಕಟ್ಟಡ. ಕಿರಿಬಿಲ್ಲಿಯಿಂದ ನೋಡಿದರೆ ಚಂದ್ರ ಹಡಗಿನ ಮೈಮೇಲೆ ಬರೀ 9 ಮೀಟರಿನಷ್ಟು ಜಾಗ ಹಿಡಿಯುತ್ತಾನೆ.

ಇದನ್ನು ಹೇಳಿದ ಮೇಲೆ ಹುಡುಗ ಕೇಳಿದ, "ಮಾಮಾ, ಚಂದ್ರ ಹಡಗಿನಷ್ಟೇ ಎತ್ತರ ಕಾಣಬೇಕಾದರೆ?" ಏಳು ಕಿಲೋಮೀಟರ್ ಹಿಂದೆ ಹೋಗಪ್ಪ ಅಂದೆ. ಈಗ ಮ್ಯಾಪ್ ಹಿಡಿದು, ಅಷ್ಟು ದೂರದಿಂದ ಏನೂ ಅಡ್ಡ ಬರದ ಜಾಗ ಹುಡುಕುತ್ತಿದ್ದಾನೆ.